ಕಥೆ ಹೇಳಬೇಡಿ, ಪುಟ ತೆರೆಯಿರಿ: ಓದು ಬಳಗದಲ್ಲಿ ಮಾತು ನಡೆಸುವುದು ಹೇಗೆ?

ಊರಲ್ಲಿ ಓದು ಬಳಗ ಶುರು ಮಾಡುವುದು ಕಷ್ಟವಲ್ಲ. ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಓದುವ ಆಸೆ ಇರುವವರು ಎಲ್ಲ ಕಡೆ ಇದ್ದಾರೆ. ಆದರೆ ಎರಡು ಮೂರು ತಿಂಗಳಲ್ಲೇ ಕುರ್ಚಿಗಳು ಖಾಲಿಯಾಗುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಕಾರಣ ಹೆಚ್ಚು ಕಡಿಮೆ ಒಂದೇ. ಅಭಿಪ್ರಾಯ ಹೇಳಲು ಕೂತವರು ಕಥಾಸಾರ ಹೇಳಿ ಎದ್ದುಹೋಗುತ್ತಾರೆ. ಪುಸ್ತಕ ಓದಿದವರಿಗೆ ಅದು ಬೇಸರ, ಓದದವರಿಗೆ ಇನ್ನು ಓದುವ ಅಗತ್ಯವೇ ಇಲ್ಲ.

ಮೊದಲು ಜನ ಮತ್ತು ಜಾಗ. 8ರಿಂದ 12 ಜನ ಸಾಕು. ವಾಚನಾಲಯ ಇದ್ದರೆ ಅಲ್ಲಿ, ಇಲ್ಲದಿದ್ದರೆ ಯಾರದಾದರೂ ಮನೆಯ ಚಾವಡಿಯಲ್ಲಿ ಸುತ್ತ ಕೂರಿ. ಮೈಕ್ ಬೇಡವೇ ಬೇಡ. ಮೈಕ್ ಕೈಗೆ ಬಂದರೆ ಮಾತು ಭಾಷಣವಾಗುತ್ತದೆ. ಸ್ವಾಗತ, ಶಾಲು, ಧನ್ಯವಾದವನ್ನೂ ಬಿಡಿ. ಹೊತ್ತು ಭಾನುವಾರ ಮಧ್ಯಾಹ್ನ 3ರಿಂದ 5. ಪತ್ತನಾಜೆಯವರೆಗೆ (ಮೇ ಕೊನೆಯ ಹೊತ್ತಿಗೆ ಆಟ, ಕೋಲ ನಿಲ್ಲುವ ದಿನ) ಶನಿವಾರ ರಾತ್ರಿ ಎಲ್ಲಾದರೂ ಯಕ್ಷಗಾನದ ಆಟವೋ ಭೂತದ ಕೋಲವೋ ಇದ್ದೇ ಇರುತ್ತದೆ, ಹಾಗಾಗಿ ಭಾನುವಾರ ಬೆಳಗ್ಗೆ ಯಾರೂ ಬರುವುದಿಲ್ಲ.

ಪುಸ್ತಕ 200 ಪುಟದ ಒಳಗಿರಲಿ. ದಪ್ಪದ್ದನ್ನು ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಇಟ್ಟುಕೊಳ್ಳಿ, ಮಳೆಗೆ ಹೊರಗಿನ ಕೆಲಸ ಕಡಿಮೆ. ಪ್ರತಿಗಳನ್ನು ಮಂಗಳೂರಿನಿಂದ ಒಟ್ಟಿಗೇ ತರಿಸಿ. ವಾಟ್ಸಾಪಿನಲ್ಲಿ ಓಡಾಡುವ ಕಳ್ಳ ಪಿಡಿಎಫ್ ಮುಟ್ಟಬೇಡಿ. ನಡುವೆ ಪುಟಗಳೇ ಇರುವುದಿಲ್ಲ, ಬರೆದವರಿಗೆ ಒಂದು ಪೈಸೆ ಹೋಗುವುದಿಲ್ಲ. ಹತ್ತು ನಿಮಿಷದಲ್ಲಿ ಕಾದಂಬರಿ ಮುಗಿಸುವ ಯೂಟ್ಯೂಬ್ ವಿಡಿಯೋ ನೋಡಿ ಬರುವವರೂ ಇದ್ದಾರೆ. ಅಂಥವರು ಸುಮ್ನೆ ಕೂತು ಕೇಳಲಿ, ಮಾತಾಡುವುದು ಬೇಡ.

ಇನ್ನು ಎಲ್ಲರೂ ಎಡವುವ ಜಾಗ: ಮಾತು ಶುರು ಮಾಡುವುದು.

‘ಪುಸ್ತಕ ಹೇಗಿತ್ತು?’ ಎಂದು ಕೇಳಬೇಡಿ. ‘ಒಳ್ಳೇದಿತ್ತು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಜನ ಎರಡು ಪಕ್ಷವಾಗುವಂಥ ಪ್ರಶ್ನೆಯನ್ನು ಒಂದು ವಾರ ಮೊದಲೇ ಕಳಿಸಿ. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ (1936–2023) ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ (ನಾದಿರಾ ಎಂಬ ಹೆಣ್ಣಿನ ತಲಾಖ್‌ನ ಕಥೆ) ತೆಗೆದುಕೊಂಡಿದ್ದೀರಿ ಎನ್ನಿ. ‘ತಲಾಖ್ ಸರಿಯೋ ತಪ್ಪೋ’ ಎಂದರೆ ಪುಸ್ತಕ ಮುಚ್ಚಿಟ್ಟು ಟಿವಿ ಚರ್ಚೆ ಶುರುವಾಗುತ್ತದೆ. ‘ನಾದಿರಾಳ ಅಪ್ಪನಿಗೆ ಮಗಳ ಮೇಲೆ ಪ್ರೀತಿ ಇತ್ತೇ? ಯಾವ ಪುಟದಲ್ಲಿ ಕಂಡಿತು?’ ಎಂದು ಕೇಳಿ. ಉತ್ತರ ಹೇಳಬೇಕಾದರೆ ಪುಸ್ತಕ ತೆರೆಯಲೇಬೇಕು.

ಎಲ್ಲರೂ ಒಂದು ಚೀಟಿ ಬರೆದು ತರಲಿ: ಮನಸ್ಸಿಗೆ ತಾಗಿದ ಅಥವಾ ಸಿಟ್ಟು ತರಿಸಿದ ಒಂದು ಜಾಗ, ಯಾಕೆ ಎಂಬ ಒಂದು ಸಾಲು. ಬೇರೆ ಬೇರೆ ಮುದ್ರಣವಾದರೆ ಪುಟಸಂಖ್ಯೆ ಹೊಂದುವುದಿಲ್ಲ, ಅಧ್ಯಾಯ ಮತ್ತು ಪ್ಯಾರಾದ ಮೊದಲ ಎರಡು ಪದ ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ಆ ಜಾಗವನ್ನು ಗಟ್ಟಿಯಾಗಿ ಓದಿ, 2 ನಿಮಿಷ ಮಾತಾಡಲಿ. ನಡುವೆ ಯಾರೂ ಬಾಯಿ ಹಾಕಬಾರದು. ಕಿರಿಯರು ಮೊದಲು, ನಿವೃತ್ತ ಮಾಸ್ಟ್ರು ಕೊನೆಗೆ. ಮಾಸ್ಟ್ರು ಮೊದಲು ಹೇಳಿಬಿಟ್ಟರೆ ಉಳಿದವರೆಲ್ಲ ‘ನನಗೂ ಹಾಗೇ ಅನ್ನಿಸಿತು’ ಎನ್ನುತ್ತಾರೆ. ಇದನ್ನು ಮಾಸ್ಟ್ರಿಗೆ ಮೊದಲೇ ಹೇಳಿಡಿ, ಖಂಡಿತ ಒಪ್ಪುತ್ತಾರೆ.

ಎರಡನೇ ಸುತ್ತಿನಲ್ಲಿ ವಾದ ಮಾಡಲು ಬಿಡಿ, ಮಾತು ಹರಿಯಲಿ. ಇಲ್ಲಿ ನಡೆಸುವವರ ಕೆಲಸ ತಾಳಮದ್ದಳೆಯಲ್ಲಿ (ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನ) ಪದ್ಯ ಹಾಡುವ ಭಾಗವತರ ಹಾಗೆ. ಪಾತ್ರದ ಮಾತಾಡುವ ಅರ್ಥಧಾರಿ ಪ್ರಸಂಗ ಬಿಟ್ಟು ಎಲ್ಲೆಲ್ಲೋ ಹೋದರೆ ಭಾಗವತರು ಜಗಳಕ್ಕೆ ಹೋಗುವುದಿಲ್ಲ, ಮುಂದಿನ ಪದ್ಯ ಎತ್ತುತ್ತಾರೆ. ನೀವೂ ಅಷ್ಟೇ. ಮಾತು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ವಿಂಗಡಣೆಯ ಕಡೆ ತಿರುಗಿದರೆ (ನಮ್ಮಲ್ಲಿ ಯಾವ ಪುಸ್ತಕ ಹಿಡಿದರೂ ತಿರುಗುತ್ತದೆ, ಆ ನೋವು ಸಣ್ಣದಲ್ಲ), ಇನ್ನೊಬ್ಬರ ಚೀಟಿ ಎತ್ತಿಕೊಂಡು ‘ಅಕ್ಕ, ನೀವು ಗುರುತು ಮಾಡಿದ ಪ್ಯಾರಾ ಇನ್ನೊಮ್ಮೆ ಓದುತ್ತೀರಾ?’ ಎನ್ನಿ. ಮಾತು ತಾನಾಗಿ ಪುಸ್ತಕಕ್ಕೆ ವಾಪಸ್ ಬರುತ್ತದೆ.

ಭಾಷೆಯ ಬಗ್ಗೆ ಹಠ ಬೇಡ. ಓದುವುದು ಕನ್ನಡ ಪುಸ್ತಕವೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾತಾಡುವುದು ತುಳುವಿನಲ್ಲೋ ಹವ್ಯಕ ಕನ್ನಡದಲ್ಲೋ ಮಲಯಾಳದಲ್ಲೋ ಇರಲಿ. ಪುಸ್ತಕದ ಕನ್ನಡ ಬರಲಿಲ್ಲ ಎಂದು ಹಿಂಜರಿಯುವ ಹುಡುಗಿಗೆ ಮನೆಮಾತಿನಲ್ಲಿ ಹೇಳಲು ಬಿಟ್ಟರೆ, ಒಳ್ಳೆಯ ಮಾತು ಅವಳಿಂದಲೇ ಬರುತ್ತದೆ.

‘ನನಗೆ ಇಷ್ಟವಾಗಲಿಲ್ಲ’ ಎಂದವರನ್ನು ಸಮಾಧಾನ ಮಾಡಲು ಹೋಗಬೇಡಿ. ‘ಎಲ್ಲಿ ಬೇಜಾರಾಯಿತು?’ ಎಂದು ಕೇಳಿ. ಅರ್ಧಕ್ಕೆ ನಿಲ್ಲಿಸಿದವರೂ ನಿಲ್ಲಿಸಿದ ಪುಟ ಹೇಳಲಿ. ಮೂರು ಜನ ಒಂದೇ ಅಧ್ಯಾಯದಲ್ಲಿ ನಿಲ್ಲಿಸಿದ್ದರೆ ಆ ಅಧ್ಯಾಯದ ಬಗ್ಗೆ ಮಾತಾಡುವುದು ಇದೆ, ಅಲ್ವಾ? ಮುಗಿಸದವರು ಇದ್ದಾರೆಂದು ಕೊನೆಯನ್ನು ಮುಚ್ಚಿಡಬೇಡಿ. ಕೊನೆ ಬಿಟ್ಟು ಕಾದಂಬರಿಯ ಚರ್ಚೆ ಆಗುವುದಿಲ್ಲ.

ಚಾ 4 ಗಂಟೆಗೆ, ನಡುವೆ. ಕೊನೆಗಿಟ್ಟರೆ ಅರ್ಧ ಜನ ಬಸ್ಸಿಗೆ ಓಡಿರುತ್ತಾರೆ.

ಏಳುವ ಮೊದಲು ಎರಡು ಕೆಲಸ. ಚೀಟಿಗಳನ್ನು ಒಂದು ನೋಟ್‌ಬುಕ್ಕಿಗೆ ಅಂಟಿಸಿ, ಮೇಲೆ ಪುಸ್ತಕದ ಹೆಸರು, ತಾರೀಕು ಬರೆಯಿರಿ. ಮುಂದಿನ ಪುಸ್ತಕವನ್ನು ಮತ ಹಾಕಿ ಆರಿಸಬೇಡಿ, ಯಾವಾಗಲೂ ಹೆಸರು ಕೇಳಿದ ಪುಸ್ತಕವೇ ಗೆಲ್ಲುತ್ತದೆ. ಸರದಿ ಪ್ರಕಾರ ಒಬ್ಬೊಬ್ಬರು ಆರಿಸಲಿ. ಆರಿಸಿದವರೇ ಪ್ರಶ್ನೆ ಕಳಿಸಬೇಕು, ಆ ತಿಂಗಳ ಪ್ರತಿಗಳ ಜವಾಬ್ದಾರಿಯೂ ಅವರದ್ದೇ.