ಹದಿಮೂರು ಬೆಂಚು, ಒಂದು ಖಾಲಿ ಡಬ್ಬಿ

ಅಮೆರಿಕದ ಸಂವಿಧಾನ ಎಂದೊಡನೆ ನಮ್ಮ ಬಿ.ಎ. ಮಕ್ಕಳು 1787ರಿಂದಲೇ ಶುರು ಮಾಡುತ್ತಾರೆ. ಅದಕ್ಕೂ ಮೊದಲು ಹದಿಮೂರು ರಾಜ್ಯಗಳನ್ನು ಸಡಿಲವಾಗಿ ಕಟ್ಟಿದ್ದ ಒಪ್ಪಂದ, ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್, ಅವರ ಪಾಲಿಗೆ ಎರಡು ಅಂಕದ ಪ್ರಶ್ನೆ. ಅದನ್ನು ಆಡಿಸಿ ಕಲಿಸುತ್ತೇನೆ ಎಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಮೊದಲು ಸಿಲೆಬಸ್ ಮುಗಿಸಿ, ನಾಟಕ ಆಮೇಲೆ" ಎಂದರು ಒಬ್ಬರು.

ಮೊದಲ ವರ್ಷ ಅವರ ಮಾತೇ ಗೆದ್ದಿತು. ಹದಿಮೂರು ಬೆಂಚು, ಹದಿಮೂರು ರಾಜ್ಯ, ಕೈಯಲ್ಲಿ ರಟ್ಟಿನ ನಾಣ್ಯ. ಬೆಂಚಿಗೊಂದು ಮತ, ದೊಡ್ಡ ತೀರ್ಮಾನಕ್ಕೆ ಒಂಬತ್ತು, ನಿಯಮ ತಿದ್ದಲು ಹದಿಮೂರೂ. ತೆರಿಗೆ ಹಾಕುವ ಹಕ್ಕಿಲ್ಲದ ಕಾಂಗ್ರೆಸ್ಸಿನ, ಅಂದರೆ ರಾಜ್ಯಗಳ ಪ್ರತಿನಿಧಿ ಸಭೆಯ, ಪರವಾಗಿ ನಾನೇ ಹಣ ಕೇಳಿದೆ. ಎಲ್ಲರೂ ಕೊಟ್ಟುಬಿಟ್ಟರು! ಮೇಷ್ಟ್ರು ಕೇಳಿದರೆ ಇಲ್ಲವೆನ್ನುವುದು ಹೇಗೆ? ಹದಿನೈದೇ ನಿಮಿಷದಲ್ಲಿ ಡಬ್ಬಿ ತುಂಬಿತು, ಅಮೆರಿಕ ಸುಭದ್ರವಾಯಿತು. 1782ರ ಖರ್ಚಿಗೆಂದು ರಾಜ್ಯಗಳಿಂದ 80 ಲಕ್ಷ ಡಾಲರ್ ಕೇಳಿ ಆ ವರ್ಷ ಹತ್ತರಲ್ಲೊಂದು ಪಾಲನ್ನೂ ಕಾಣದ, ಕಾಂಗ್ರೆಸ್ಸಿನ ಹಣಕಾಸು ನೋಡಿಕೊಳ್ಳುತ್ತಿದ್ದ ರಾಬರ್ಟ್ ಮಾರಿಸ್ ನನ್ನ ತರಗತಿಯನ್ನು ನೋಡಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದ.

ಮರುವರ್ಷ ನಿಜವಾದ ದುಡ್ಡು ಹಂಚಿದೆ. ಬೆಂಚಿಗೆ ಐವತ್ತರಂತೆ 650 ರೂಪಾಯಿ, ನನ್ನ ಜೇಬಿನದು. ಕೊಡದೆ ಉಳಿಸಿಕೊಂಡದ್ದು ಅವರದೇ. ಕಾಂಗ್ರೆಸ್ಸಿನ ಅಧ್ಯಕ್ಷನ ಕುರ್ಚಿಯಲ್ಲಿ ಮೆದು ಮಾತಿನ ಒಬ್ಬ ಹುಡುಗನನ್ನು ಕೂರಿಸಿದೆ. ಪಾಪ, ಡಬ್ಬಿ ಹಿಡಿದು ಬೆಂಚು ಬೆಂಚಿಗೂ ಅಲೆದ. ಜಾರ್ಜಿಯ ಐದು ರೂಪಾಯಿ ಹಾಕಿತು. ನ್ಯೂಯಾರ್ಕ್ "ಪಕ್ಕದವರು ಕೊಡಲಿ, ನೋಡೋಣ" ಎಂದಿತು. ಸಂಬಳದ ಚಹಾ ಬಾರದ ಹಿಂದಿನ ಸಾಲಿನ 'ಸೈನಿಕರು' ಮೇಜು ಗುದ್ದತೊಡಗಿದಾಗ ಅಧ್ಯಕ್ಷ ಕಾರಿಡಾರಿಗೆ ಓಡಿದ. 1783ರ ಜೂನ್‌ನಲ್ಲಿ ಅಸಲಿ ಕಾಂಗ್ರೆಸ್ ಫಿಲಡೆಲ್ಫಿಯಾದಿಂದ ಪ್ರಿನ್ಸ್‌ಟನ್ನಿಗೆ ಓಡಿದ್ದೂ ಹೀಗೆಯೇ. ಆದರೆ ಗದ್ದಲಕ್ಕೆ ಪಕ್ಕದ ತರಗತಿಯಿಂದ ದೂರು ಬಂತು, ಆಟ ಅಲ್ಲಿಗೇ ನಿಂತಿತು, 500 ರೂಪಾಯಿಗೂ ಮಿಕ್ಕಿ ಮಕ್ಕಳ ಜೇಬು ಸೇರಿತು.

ನಡುವೆ ಇನ್ನೊಂದು ಹುಚ್ಚು: ಕಾಂಗ್ರೆಸ್ಸಿಗೆ ಚೀಟಿ ಹಣ ಬರೆಯಲು ಬಿಟ್ಟೆ. ಮೂರನೆಯ ದಿನಕ್ಕೆ ಒಂದು ರೂಪಾಯಿ ನಾಣ್ಯಕ್ಕೆ ಮೂವತ್ತು ಚೀಟಿ ಕೊಟ್ಟರೂ ಕೊಳ್ಳುವವರಿಲ್ಲ. 1780ರಲ್ಲಿ ಕಾಂಗ್ರೆಸ್ಸೇ ತನ್ನ ನೋಟಿಗೆ ನಲವತ್ತಕ್ಕೊಂದು ಎಂದು ಬೆಲೆ ಕಟ್ಟಿತ್ತು, ನಮ್ಮವರು ಅಷ್ಟು ಕೆಳಗಿಳಿಯಲಿಲ್ಲ.

ಮೂರನೆಯ ವರ್ಷ ಆಟ ಕೈಹಿಡಿಯಿತು. ಆಮದಿನ ಮೇಲೆ ನೂರಕ್ಕೆ ಐದು ಸುಂಕ ಎಂಬ ಪ್ರಸ್ತಾಪಕ್ಕೆ ಹನ್ನೆರಡು ಬೆಂಚು ಕೈಯೆತ್ತಿದವು. ರೋಡ್ ಐಲೆಂಡ್ ಎತ್ತಲಿಲ್ಲ, 1782ರಲ್ಲಿ ಮಾಡಿದಂತೆಯೇ. (ಆ ಬೆಂಚಿಗೆ ಯಾರನ್ನು ಆರಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ.) ಮ್ಯಾಸಚೂಸೆಟ್ಸ್ ಬೆಂಚಿಗೆ ಸಾಲದ ಚೀಟಿಗಳನ್ನು ಹೊರಿಸಿದ್ದೆ. ಸಾಲಿಗನು ಬ್ಯಾಗು ಜಪ್ತಿ ಮಾಡಲು ಬಂದಾಗ ಅವರು ಎದ್ದು ನಿಂತರು, ಸಾಲದ ಜಪ್ತಿಯ ವಿರುದ್ಧ ಅಲ್ಲಿ ದಂಗೆ ಎದ್ದ ಡೇನಿಯಲ್ ಶೇಸನ ರೈತರ ಹಾಗೆ. ತಡೆಯಲು ಅಧ್ಯಕ್ಷನ ಬಳಿ ಬಿಡಿಗಾಸಿಲ್ಲ. 1787ರಲ್ಲಿ ಆ ದಂಗೆ ಅಡಗಿಸಿದ ಪಡೆಗೆ ಬಾಸ್ಟನ್ನಿನ ವರ್ತಕರು ಸ್ವಂತ ದುಡ್ಡು ಹಾಕಬೇಕಾಗಿತ್ತು.

ಮರುದಿನ ಐದು ಬೆಂಚಿನವರು ಹುಣಸೆ ಮರದ ಕೆಳಗೆ ಗುಸುಗುಸು ನಡೆಸಿದ್ದರು. ಫಿಲಡೆಲ್ಫಿಯಾ ಸಭೆಗೆ ಮುನ್ನ, 1786ರಲ್ಲಿ, ಅನಾಪೊಲಿಸ್‌ನಲ್ಲಿ ಸೇರಿದ್ದೂ ಐದೇ ರಾಜ್ಯ, ನಾನದನ್ನು ಹೇಳಿಯೇ ಇರಲಿಲ್ಲ! ವಾರ ಕಳೆದು ಹೊಸ ನಿಯಮಗಳ ಹಾಳೆ ತಂದರು. ತೆರಿಗೆ ಕಡ್ಡಾಯ. ಕೊನೆಯ ಸಾಲು: "ಒಂಬತ್ತು ಬೆಂಚು ಒಪ್ಪಿದರೆ ಸಾಕು." ರೋಡ್ ಐಲೆಂಡಿನ ಹುಡುಗಿ ಎದ್ದಳು. "ಹಳೆಯ ನಿಯಮ ಹದಿಮೂರು ಎನ್ನುತ್ತದೆ. ಇದು ಕಾನೂನುಬಾಹಿರ ಅಲ್ಲವೇ ಸಾರ್?"

ಹತ್ತು ವರ್ಷ ಬೋರ್ಡಿನ ಮೇಲೆ ಬರೆದರೂ ಯಾರೊಬ್ಬರೂ ಕೇಳದ ಪ್ರಶ್ನೆ. ಹಳೆಯ ಒಪ್ಪಂದದ ತಿದ್ದುಪಡಿಗೆಂದು 1787ರಲ್ಲಿ ಕರೆದ ಫಿಲಡೆಲ್ಫಿಯಾ ಸಭೆ ಬಾಗಿಲು ಹಾಕಿಕೊಂಡು ಹೊಸದನ್ನೇ ಬರೆದದ್ದು, ಒಂಬತ್ತು ರಾಜ್ಯ ಒಪ್ಪಿದರೆ ಜಾರಿ ಎಂದ ಅದರ ಏಳನೆಯ ವಿಧಿ, ಎಲ್ಲವನ್ನೂ ಆ ದಿನ ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಮೂರು ವರ್ಷದ ಖರ್ಚು ಸುಮಾರು ಸಾವಿರದ ಐನೂರು.

ಅವಳು ಮಾತ್ರ ಒಪ್ಪಲಿಲ್ಲ. ಉಳಿದ ಬೆಂಚುಗಳು ಇನ್ನು ನೋಟ್ಸ್ ಕೊಡುವುದಿಲ್ಲ ಎಂದ ಮೇಲೆ ಸಹಿ ಹಾಕಿದಳು. ಅಸಲಿ ರೋಡ್ ಐಲೆಂಡ್ ಕೂಡ ವ್ಯಾಪಾರ ನಿಲ್ಲಿಸುತ್ತೇವೆಂದು ಸೆನೆಟ್ ಹೆದರಿಸುವ ತನಕ, 1790ರ ಮೇ ತಿಂಗಳವರೆಗೂ, ಜಗ್ಗಿರಲಿಲ್ಲ. ಐವತ್ತು ರೂಪಾಯಿ ಅವಳ ಬಳಿಯೇ ಉಳಿಯಿತು.