ಆಸ್ಪತ್ರೆಯ ಶುಶ್ರೂಷಾ ವೃತ್ತಿಯಲ್ಲಿ ಬೆಳೆಯುವ ಬಗೆ

3 ವರ್ಷದ ಜಿಎನ್‌ಎಂ (ಶುಶ್ರೂಷೆ ಮತ್ತು ಸೂಲಗಿತ್ತಿ ಕೆಲಸದ ಡಿಪ್ಲೊಮಾ) ಅಥವಾ 4 ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡವರು, ಸಂಬಳ ತುಸು ಕಡಿಮೆಯಾದರೂ ಸರಿಯೇ, ಆರಂಭದ ಒಂದೆರಡು ವರ್ಷಗಳನ್ನು ಎಲ್ಲ ಬಗೆಯ ರೋಗಿಗಳು ಬರುವ ದೊಡ್ಡ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಕಳೆಯಬೇಕು. ಪಾಳಿ ಬದಲಾಗುವಾಗ ಹಾಸಿಗೆಯ ಪಕ್ಕದಲ್ಲೇ ನಿಂತು, ಡ್ರಿಪ್ಪಿನ ವೇಗ, ಕೊನೆಯ ಬಾರಿ ನೋಡಿದ ರಕ್ತದೊತ್ತಡ, ಮೂತ್ರದ ಪ್ರಮಾಣ, ಕೊಡಬೇಕಾಗಿ ಉಳಿದಿರುವ ಔಷಧಿ ಇವಿಷ್ಟನ್ನೂ ಕೇಸ್ ಶೀಟಿನೊಂದಿಗೆ ತಾಳೆ ನೋಡಿ ಒಪ್ಪಿಸುವ ಅಭ್ಯಾಸ ಅಲ್ಲಿಯೇ ಕೂಡಿಬರುತ್ತದೆ; ಮುಂದೆ ವಾರ್ಡಿನ ಹೊಣೆ ಸಿಗುವುದು ಬಹುಮಟ್ಟಿಗೆ ಈ ಅಚ್ಚುಕಟ್ಟಿನಿಂದಲೇ ಎಂಬುದು ನನ್ನ ದೃಢವಾದ ನಂಬಿಕೆ. ಬಳಿಕ ಐಸಿಯು, ಡಯಾಲಿಸಿಸ್ ಅಥವಾ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಒಂದನ್ನು ಆರಿಸಿಕೊಂಡು ಪಳಗಬಹುದು. ಜಿಎನ್‌ಎಂ ಓದಿದವರು ಡಿಪ್ಲೊಮಾದವರಿಗೆಂದೇ ಇರುವ 2 ವರ್ಷದ ಪದವಿಯಾದ ಪೋಸ್ಟ್ ಬೇಸಿಕ್ ಬಿಎಸ್ಸಿಯನ್ನು ಮುಂದೂಡಬಾರದು, ಏಕೆಂದರೆ ಬೋಧನೆಗೆ ದಾರಿ ಮಾಡಿಕೊಡುವ ಎಂಎಸ್ಸಿ ನರ್ಸಿಂಗ್‌ಗೆ ಸೇರಲು ಅದು ಬೇಕು. ಕೆಲಸ ಬಿಡುವಾಗ ಅನುಭವ ಪತ್ರವನ್ನು ತಪ್ಪದೆ ಪಡೆದುಕೊಳ್ಳಿ.