ಸ್ಕೂಬಾ ಟ್ಯಾಂಕ್ ಬಿಚ್ಚಿದಾಗ ನಾನು ಏನೇನು ನೋಡುತ್ತೇನೆ

ನೀರಿನಡಿ ಉಸಿರಾಡಲು ಗಾಳಿ ತುಂಬಿಕೊಂಡೊಯ್ಯುವ ಸ್ಕೂಬಾ ಟ್ಯಾಂಕ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ನಾನು ನಂಬುವುದಿಲ್ಲ. ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕ್‌ನ 11 ಲೀಟರ್ ಜಾಗದಲ್ಲಿ 207 ಬಾರ್ ಒತ್ತಡದ ಗಾಳಿ ಇರುತ್ತದೆ (1 ಬಾರ್ ಅಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅದಕ್ಕೇ ವರ್ಷಕ್ಕೊಮ್ಮೆ ವಾಲ್ವ್ ತೆಗೆದು ಒಳಗೆ ನೋಡುವುದು. ಇದು ತರಬೇತಿ ಪಡೆದು ಮಾಡುವ ಕೆಲಸ, ಸುಮ್ನೆ ಸ್ಪ್ಯಾನರ್ ಹಿಡಿದು ಶುರು ಮಾಡುವಂಥದ್ದಲ್ಲ.

ಮೊದಲು ಹೆಗಲ ಮೇಲಿನ ಮುದ್ರೆ ಓದುತ್ತೇನೆ. ತಯಾರಕರು, ಒತ್ತಡ, ಹಿಂದಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ನಡೆದ ತಿಂಗಳು. ಅಲ್ಯೂಮಿನಿಯಂ ಆದರೆ ಯಾವ ಮಿಶ್ರಲೋಹ ಅಂತಲೂ ತಿಳಿದುಕೊಳ್ಳುತ್ತೇನೆ. 6351 ಎಂಬ ಹಳೆಯ ಮಿಶ್ರಲೋಹ ಆಗಿದ್ದರೆ ತುಂಬಿಟ್ಟ ಒತ್ತಡದಿಂದಲೇ ಕುತ್ತಿಗೆಯಲ್ಲಿ ಬಿರುಕು ಬೆಳೆಯಬಹುದು. ವಿದ್ಯುತ್ತಿನಿಂದ ಲೋಹದ ಬಿರುಕು ಪತ್ತೆ ಮಾಡುವ ಎಡ್ಡಿ ಕರೆಂಟ್ ಪ್ರೋಬ್‌ನಿಂದ ಅದನ್ನು ಹುಡುಕಬಹುದು, ನಿಜ. ಆದರೂ ಅಂಥ ಟ್ಯಾಂಕ್ ಬಿಟ್ಟುಬಿಡಿ ಅಂತಲೇ ನಾನು ಹೇಳುತ್ತೇನೆ.

ಆಮೇಲೆ ಬುಡದ ರಬ್ಬರ್ ಬೂಟ್ ಕಳಚುತ್ತೇನೆ. ಉಪ್ಪುನೀರು ಅಲ್ಲೇ ನಿಂತು ಲೋಹ ತಿನ್ನುತ್ತದೆ. ಗಾಳಿಯನ್ನು ನಿಧಾನವಾಗಿ ಬಿಡುತ್ತೇನೆ. ಸದ್ದು ನಿಂತಿತು ಅಂದಮಾತ್ರಕ್ಕೆ ಟ್ಯಾಂಕ್ ಖಾಲಿ ಅಂತಲ್ಲ, ವಾಲ್ವ್ ಕಟ್ಟಿಕೊಂಡಿರಲೂಬಹುದು. ಬಿಚ್ಚುವಾಗ ವಾಲ್ವ್ ಹಠ ಹಿಡಿದರೆ ಬಲ ಹಾಕುವುದಿಲ್ಲ, ಅಲ್ಲಿಗೇ ನಿಲ್ಲಿಸುತ್ತೇನೆ.

ಒಳಗೆ ಸಣ್ಣ ದೀಪ ಇಳಿಸಿದರೆ ಟ್ಯಾಂಕ್‌ನ ಚರಿತ್ರೆಯೇ ಕಾಣುತ್ತದೆ. ಸ್ಟೀಲ್ ಆದರೆ ಕೆಂಪು ತುಕ್ಕು, ಅಲ್ಯೂಮಿನಿಯಂ ಆದರೆ ಬಿಳಿ ಪುಡಿ, ಚಿಕ್ಕ ಚಿಕ್ಕ ಗುಳಿ. ಒಂದೇ ಬದಿಯಲ್ಲಿ ಪಟ್ಟಿಯಂತೆ ತುಕ್ಕು ಕಂಡರೆ ನೀರಿದ್ದ ಟ್ಯಾಂಕನ್ನು ಮಲಗಿಸಿ ಇಟ್ಟಿದ್ದಾರೆ ಅಂತ ಲೆಕ್ಕ. ತುಕ್ಕು ಲೋಹವನ್ನು ತೆಳುವಾಗಿಸುವುದಷ್ಟೇ ಅಲ್ಲ, ಗಾಳಿಯಲ್ಲಿನ ಆಮ್ಲಜನಕವನ್ನೂ ತಿನ್ನುತ್ತದೆ. ತೇವದ ಸ್ಟೀಲ್ ಟ್ಯಾಂಕ್ ಬಹುಕಾಲ ಬಿದ್ದಿದ್ದರೆ ಒಳಗಿನ ಗಾಳಿ ಉಸಿರಾಟಕ್ಕೇ ಸಾಲದೆ ಹೋಗಬಹುದು. ನೀರು ಎಲ್ಲಿಂದ ಬಂತು? ನೀರಿನಡಿಯಲ್ಲೇ ಪೂರ್ತಿ ಖಾಲಿ ಮಾಡಿದಾಗ, ಇಲ್ಲವೇ ವಾಲ್ವ್ ಬಾಯಲ್ಲಿ ಹನಿ ಇರುವಾಗಲೇ ಗಾಳಿ ತುಂಬಿದಾಗ. ತುಂಬುವ ಮುನ್ನ ಒಂದು ಕ್ಷಣ ವಾಲ್ವ್ ತೆರೆದು ಹನಿ ಹಾರಿಸಿದರೆ ಸಾಕು, ಅಷ್ಟನ್ನೂ ಯಾರೂ ಮಾಡಲ್ಲ ನೋಡಿ.

ಕುತ್ತಿಗೆಯ ಥ್ರೆಡ್‌ಗೆ ಜಾಸ್ತಿ ಹೊತ್ತು ಕೊಡುತ್ತೇನೆ. ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಸುತ್ತು ನೋಡಬೇಕು. ಎಂ25 (25 ಮಿ.ಮೀ. ಥ್ರೆಡ್‌ನ) ವಾಲ್ವ್ ಮುಕ್ಕಾಲು ಇಂಚಿನ ಥ್ರೆಡ್ ಇರುವ ಕುತ್ತಿಗೆಗೂ ತಿರುಗಿ ಕೂರುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಆದರೆ ಒತ್ತಡ ಏರಿದಾಗ ಕಿತ್ತು ಹಾರುತ್ತದೆ. ಕಣ್ಣಂದಾಜು ಬೇಡ, ಥ್ರೆಡ್ ಅಳೆಯುವ ಗೇಜ್ ಹಾಕಿಯೇ ನೋಡುತ್ತೇನೆ. ಮತ್ತೆ ಜೋಡಿಸುವಾಗ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಹೊಸದೇ.

ಹೈಡ್ರೋ ಟೆಸ್ಟ್ ಅನೇಕ ದೇಶಗಳಲ್ಲಿ 5 ವರ್ಷಕ್ಕೊಮ್ಮೆ. ಅದಕ್ಕೆ ಟ್ಯಾಂಕನ್ನು ಪರವಾನಗಿ ಇರುವ ಕೇಂದ್ರಕ್ಕೇ ಕಳಿಸುತ್ತೇನೆ. ಅಮೆರಿಕದ ಪದ್ಧತಿಯಲ್ಲಿ ಟ್ಯಾಂಕ್‌ಗೆ ನೀರು ತುಂಬಿ, ನೀರಿನ ತೊಟ್ಟಿಯೊಳಗಿಟ್ಟು, ಬಳಕೆಯ ಒತ್ತಡದ 5/3 ಪಟ್ಟು, ಅಂದರೆ 207 ಬಾರ್‌ನದ್ದಕ್ಕೆ ಸುಮಾರು 345 ಬಾರ್ ಕೊಡುತ್ತಾರೆ. ಲೋಹ ಹಿಗ್ಗುತ್ತದೆ, ಒತ್ತಡ ಇಳಿಸಿದರೆ ಕುಗ್ಗುತ್ತದೆ. ಹಿಗ್ಗಿದ್ದರಲ್ಲಿ 10%ಗಿಂತ ಜಾಸ್ತಿ ಹಾಗೇ ಉಳಿದರೆ ಫೇಲ್. ಗಾಳಿಯ ಬದಲು ನೀರೇ ಏಕೆಂದರೆ ನೀರು ಹೆಚ್ಚು ಕುಗ್ಗುವುದಿಲ್ಲ. ಟ್ಯಾಂಕ್ ಒಡೆದರೂ ಸ್ಫೋಟದ ಬಲ ಇರುವುದಿಲ್ಲ.

ತಮಾಷೆ ಅಂದರೆ, ಹೈಡ್ರೋ ಪಾಸಾಗಿ ಬಂದ ಟ್ಯಾಂಕ್ ಮೇಲೇ ನನಗೆ ಅನುಮಾನ. ಸರಿಯಾಗಿ ಒಣಗಿಸದೆ ವಾಲ್ವ್ ಬಿಗಿದಿದ್ದರೆ ಹೊಸ ತುಕ್ಕು ಅಲ್ಲಿಂದಲೇ ಶುರು. ಹಾಗಾಗಿ ಬಂದ ಕೂಡಲೇ ಇನ್ನೊಮ್ಮೆ ದೀಪ ಇಳಿಸುತ್ತೇನೆ.

ಬಣ್ಣ ಬಳಿದು ಒಲೆಯಲ್ಲಿ ಬೇಯಿಸಿದ ಅಲ್ಯೂಮಿನಿಯಂ ಟ್ಯಾಂಕ್ ತಂದರೆ ಚರ್ಚೆಯೇ ಇಲ್ಲ. ಬಿಸಿಗೆ ಲೋಹದ ಬಲ ಹೋಗಿರುತ್ತದೆ. ಇನ್ನೊಂದು ಡೈವ್‌ಗೆ ಮಾತ್ರ ಕೊಡಿ ಎಂದು ಕೇಳುವವರಿದ್ದಾರೆ. ಕೊಡುವುದಿಲ್ಲ. ಮಾಲೀಕರು ಒಪ್ಪಿದರೆ ಕುತ್ತಿಗೆಯ ಥ್ರೆಡ್ ಕೆಡಿಸಿ ಗುಜರಿಗೆ ಹಾಕುತ್ತೇನೆ.